ದೊಡ್ಡಾಯಮ್ಮ ಹೇಳಿದ ಮೇಲೆ

ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಹೆರಿಗೆ ಕೋಣೆಯ ಬಾಗಿಲ ಹೊರಗೆ, ಗೋಡೆಗೆ ಒತ್ತಿ ಹಾಕಿದ ಒಂದು ಸ್ಟೀಲಿನ ಬೆಂಚಿದೆ. ಒಳಗಿನ ಡಾಕ್ಟರು ಎರಡು ನಿಮಿಷದಲ್ಲಿ ಹೇಳಿ ಮುಗಿಸಿದ್ದನ್ನು ಈ ಬೆಂಚಿನವರು ಎರಡು ಗಂಟೆ ಅಗೆಯುತ್ತಾರೆ. ಅಗೆದು ಅಗೆದು ಏನೂ ಕೈಗೆ ಹತ್ತದಿದ್ದಾಗ, ಬಕೆಟ್ಟು ಹಿಡಿದು ಹೊರಗೆ ಬರುವ ಆಯಾಳನ್ನು ಅಡ್ಡಗಟ್ಟುತ್ತಾರೆ. "ಆಯಮ್ಮ, ನೀವು ದಿನಾ ನೋಡೋರು, ನೀವೇ ಒಂದ್ ಮಾತು ಹೇಳಿ." ಇಪ್ಪತ್ತನಾಲ್ಕು ವರ್ಷ ಹಾಗೆ ಅಡ್ಡಗಟ್ಟಿಸಿಕೊಂಡವಳು ದೊಡ್ಡಾಯಮ್ಮ.

ದೊಡ್ಡ ಅನ್ನುವುದು ಹುದ್ದೆಯಲ್ಲ. ಆಳಾದರೂ ಐದಡಿಗೆ ಎರಡು ಬೆರಳು ಕಮ್ಮಿ. ಆದರೆ ಅವಳು ಸೊಂಟದ ಮೇಲೆ ಕೈಯಿಟ್ಟು "ಕಿರುಚಿದ್ರೆ ಮಗು ಬೇಗ ಬರುತ್ತಾ? ಉಸಿರು ತಗೋ" ಎಂದರೆ ಎಂಥವಳೂ ಬಾಯಿ ಮುಚ್ಚುತ್ತಿದ್ದಳು. ಹೊಸ ಸಿಸ್ಟರುಗಳು ಅವಳ ಮುಂದೆ ತಗ್ಗಿದ ದನಿಯಲ್ಲೇ ಮಾತಾಡುತ್ತಿದ್ದರು. ಗಂಡ ಎನ್ನುವವನು ಮಗಳಿಗೆ ಎರಡು ವರ್ಷವಾಗಿದ್ದಾಗ ಬಣ್ಣ ಬಳಿಯುವ ಕೆಲಸಕ್ಕೆಂದು ಬೇರೆ ಊರಿಗೆ ಹೋಗಿ, ವಾಪಸ್ಸು ಬರುವ ದಾರಿಯನ್ನೇ ಮರೆತಿದ್ದ. ಆವತ್ತಿನಿಂದ ಈ ಕೆಲಸವೇ ಅವಳ ಅನ್ನ, ಇಲ್ಲಿ ಸಿಗುವ ಮರ್ಯಾದೆಯೇ ಅವಳ ಆಸ್ತಿ. ಬೇರೆ ಕಡೆ ಯಾರೂ ಅವಳನ್ನು ಏನನ್ನೂ ಕೇಳುತ್ತಿರಲಿಲ್ಲ.

ಹೆರಿಗೆ ನೋವು ತಗ್ಗಿಸಲು ಬೆನ್ನುಮೂಳೆಯ ಸಂದಿಗೆ ಕೊಡುವ ಇಂಜೆಕ್ಷನ್ನು, ಎಪಿಡ್ಯೂರಲ್ಲು, ಆ ಆಸ್ಪತ್ರೆಗೆ ಬಂದು ಒಂಬತ್ತು ವರ್ಷವಾಗಿತ್ತು. ಅದರಲ್ಲೂ ದೊಡ್ಡಾಯಮ್ಮನಿಗೆ ಒಂದು ಪಾತ್ರವಿತ್ತು. ಬಸುರಿಯನ್ನು ಮಂಚದ ಅಂಚಿನಲ್ಲಿ ಕೂರಿಸಿ, ಎದುರಿಗೆ ನಿಂತು, ಅವಳ ಹಣೆಯನ್ನು ತನ್ನ ಭುಜಕ್ಕೆ ಒತ್ತಿಸಿಕೊಂಡು, ಎರಡೂ ತೋಳಿನಿಂದ ಬಾಚಿ ಹಿಡಿಯಬೇಕು. "ಬೆಕ್ಕು ಬೆನ್ನು ಮಾಡುತ್ತಲ್ಲ, ಹಾಗೆ ಬೆನ್ನು ಹೊರಗೆ ದಬ್ಬು. ಅಲ್ಲಾಡಬೇಡ." ಆ ಹಿಡಿತದಲ್ಲಿ ನೋವು ಬಂದರೂ ಹೆಂಗಸು ಅಲುಗುತ್ತಿರಲಿಲ್ಲ. "ದೊಡ್ಡಾಯಮ್ಮ ಹಿಡಿದ್ರೆ ನನ್ನ ಕೆಲಸ ಅರ್ಧ ಆದ ಹಾಗೆ" ಎಂದು ಅರಿವಳಿಕೆ ಡಾಕ್ಟರು ಎಲ್ಲರ ಮುಂದೆ ಹೇಳುತ್ತಿದ್ದರು. ಹೇಳಿ, ಕೈ ತೊಳೆದು, ಹೋಗುತ್ತಿದ್ದರು.

ಉಳಿದ ಅರ್ಧ ಯಾರ ಪಾಲಿಗೆ ಎಂದು ಅವರೇಕೆ ಯೋಚಿಸಬೇಕು? ಇಂಜೆಕ್ಷನ್ ತೆಗೆದುಕೊಳ್ಳದ ಹೆಂಗಸು ಗೋಡೆ ಹಿಡಿದು ತಾನೇ ಓಡಾಡುತ್ತಾಳೆ, ತಾನೇ ಬಚ್ಚಲಿಗೆ ಹೋಗುತ್ತಾಳೆ. ತೆಗೆದುಕೊಂಡವಳ ಕಾಲು ಮರದ ದಿಮ್ಮಿ. ಅರ್ಧ ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೂತ್ರದ ಚೀಲ ಖಾಲಿ ಮಾಡಬೇಕು, ಒದ್ದೆಯಾದ ಶೀಟು ಅವಳನ್ನೆತ್ತಿಯೇ ತೆಗೆಯಬೇಕು, ಬೆನ್ನಿಗೆ ಅಂಟಿಸಿದ ಸಣ್ಣ ನಳಿಕೆ ಕಿತ್ತುಬರದ ಹಾಗೆ ಕಾಯಬೇಕು. ನೋವಿಲ್ಲದ ಹೆರಿಗೆಯ ನೋವೆಲ್ಲ ಆಯಾಳ ಸೊಂಟಕ್ಕೆ.

ಒಂದು ದಿನ ಜೊತೆಯ ಆಯಾ ಬಂದಿರಲಿಲ್ಲ. ಆಗಲೇ ಇಬ್ಬರು ಇಂಜೆಕ್ಷನ್ನಿನ ಹೆಂಗಸರು ಮಲಗಿದ್ದರು, ಮೂರನೆಯವಳ ತಾಯಿ ಬೆಂಚಿನಿಂದ ಎದ್ದು ಬಂದು ಕೇಳಿದಳು. ದೊಡ್ಡಾಯಮ್ಮನ ಬಾಯಿಂದ ಮಾತು ತಾನಾಗಿ ಜಾರಿತು. "ಬೇಡ ತಾಯಿ. ಆ ಸೂಜಿ ಹಾಕಿಸ್ಕೊಂಡೋರು ಹತ್ತು ವರ್ಷ ಸೊಂಟ ಹಿಡ್ಕೊಂಡು ಓಡಾಡ್ತಾರೆ. ತಡ್ಕೊಳ್ಳೋ ನೋವೇ ಅದು, ನಾವೆಲ್ಲ ತಡ್ಕೊಂಡಿಲ್ವಾ?" ಅಂಥ ಒಬ್ಬಳನ್ನೂ ಅವಳು ಕಂಡಿರಲಿಲ್ಲ. ಅರಿವಳಿಕೆ ಡಾಕ್ಟರನ್ನು ಹಿಂದೊಮ್ಮೆ ಕೇಳಿಯೂ ಇದ್ದಳು. ಸೂಜಿ ಹೋದ ಜಾಗ ಎರಡು ಮೂರು ದಿನ ನೋಯುತ್ತದೆ, ಅಪರೂಪಕ್ಕೆ ಒಬ್ಬರಿಗೆ ತಲೆನೋವು ಬರುತ್ತದೆ, ಹತ್ತು ವರ್ಷದ ಸೊಂಟನೋವಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಅವರು ಬಿಡಿಸಿ ಹೇಳಿದ್ದರು. ಸುಳ್ಳು ಎಂದು ತಿಳಿದೇ ಹೇಳಿದ ಸುಳ್ಳು.

ಆ ತಾಯಿ ಕೈಮುಗಿದು ಹೋದಳು. ಮರುದಿನ ಹೆರಿಗೆಯಾದ ಮೇಲೆ ಬಂದು, "ನೀವು ಹೇಳದೇ ಇದ್ದಿದ್ರೆ ನನ್ನ ಮಗಳ ಸೊಂಟ ಹೋಗ್ತಿತ್ತು" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ರುಚಿ ಹತ್ತಿದ್ದು ಅಲ್ಲಿ. ಆಮೇಲೆ ಕೆಲಸ ಹೆಚ್ಚಿದ್ದ ದಿನವೂ ಹೇಳಿದಳು, ಕಮ್ಮಿ ಇದ್ದ ದಿನವೂ ಹೇಳಿದಳು. ಎಲ್ಲಕ್ಕಿಂತ ಕೆಳಗೆ, ತಾನೂ ಸರಿಯಾಗಿ ನೋಡಿಕೊಳ್ಳದ ಒಂದು ಕಹಿ ಇತ್ತು. ತನ್ನ ಮಗಳನ್ನು ಹೆರುವಾಗ ಅವಳು ಒಂದೂವರೆ ದಿನ ಇಂಥದ್ದೇ ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ, ಚಾಪೆಯ ಮೇಲೆ ಒದ್ದಾಡಿದ್ದಳು. ನೋವು ಹೇಗಿದೆ ಎಂದು ಆಗ ಯಾರೂ ಕೇಳಿರಲಿಲ್ಲ. ಈಗ ಇವರಿಗೆ ಮಾತ್ರ ಬೇಕೋ ಬೇಡವೋ ಎಂಬ ಚರ್ಚೆ.

ಬೀಗಿತ್ತಿ ಸಿಕ್ಕಿದ್ದೂ ಈ ಮಾತಿನಿಂದಲೇ. ಐದು ವರ್ಷದ ಹಿಂದೆ ಆಕೆ ತನ್ನ ದೊಡ್ಡ ಮಗಳನ್ನು ಹೆರಿಗೆಗೆ ತಂದಿದ್ದಳು. ಮಗಳು ಇಂಜೆಕ್ಷನ್ ಬೇಕೆಂದು ಹಟ ಹಿಡಿದಿದ್ದಳು, ದೊಡ್ಡಾಯಮ್ಮ ತನ್ನ ಮಾತು ಹೇಳಿದಳು, ಹುಡುಗಿ ಅತ್ತುಕೊಂಡೇ ಹೆತ್ತಳು. ಅದಾದ ಮೇಲೆ ಆಕೆಗೆ ದೊಡ್ಡಾಯಮ್ಮನೆಂದರೆ ಪ್ರಾಣ. ಹಾದಿಯಲ್ಲಿ ಕಂಡರೆ ನಿಲ್ಲಿಸಿ ಮಾತಾಡಿಸುವುದು, ಮನೆಗೆ ಬರುವುದು, ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೂರುವ ಇವಳ ಮಗಳನ್ನು ನೋಡುವುದು. ಮೂರು ವರ್ಷಕ್ಕೆ ಆಕೆಯೇ ಬಾಯಿಬಿಟ್ಟು ತನ್ನ ಮಗನಿಗೆ ಹೆಣ್ಣು ಕೇಳಿದಳು. ಗಂಡ ಬಿಟ್ಟ ಆಯಾಳ ಮಗಳನ್ನು ಸ್ವಂತ ಮನೆಯಿರುವ, ಇಬ್ಬರು ದುಡಿಯುವ ಕುಟುಂಬ ಕೇಳಿಕೊಂಡು ಬರುವುದೆಂದರೇನು! "ಇಷ್ಟು ನೇರ ಮಾತಿನ ಹೆಂಗಸಿನ ಮಗಳು ಕೆಟ್ಟವಳಾಗೋಕೆ ಸಾಧ್ಯಾನೇ ಇಲ್ಲ" ಎಂದು ಬೀಗಿತ್ತಿ ನೆಂಟರಿಗೆಲ್ಲ ಹೇಳಿದ್ದಳು. ದೊಡ್ಡಾಯಮ್ಮ ತಲೆ ತಗ್ಗಿಸಿ ನಕ್ಕಿದ್ದಳು.

ಮಗಳು ಏಳು ತಿಂಗಳ ಬಸುರಿಯಾಗಿದ್ದಾಗ ತಾಯಿಯ ಮನೆಗೆ ಬಂದವಳು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಮಾತು ತೆಗೆದಳು.

"ಅಮ್ಮ, ನಾನು ಬೆನ್ನಿಗೆ ಇಂಜೆಕ್ಷನ್ ತಗೋತೀನಿ. ನಂಗೆ ನೋವಂದ್ರೆ ಆಗಲ್ಲ, ನಿಂಗೊತ್ತಲ್ಲ. ಏನಾದ್ರೂ ಆಗುತ್ತಾ?"

"ಏನೂ ಆಗಲ್ಲ. ತಗೋ."

"ಸೊಂಟ?"

"ಸೊಂಟಾನೂ ಇಲ್ಲ ಮಣ್ಣೂ ಇಲ್ಲ. ಅದೆಲ್ಲ ಹೊರಗಿನೋರಿಗೆ ಹೇಳೋ ಮಾತು."

ಮಗಳು ಒಂದು ಗಳಿಗೆ ತಾಯಿಯ ಮುಖ ನೋಡಿದಳು, ಆಮೇಲೆ ಮಾತು ಬೇರೆ ಕಡೆ ಹೋಯಿತು. ದೊಡ್ಡಾಯಮ್ಮ ಅವಳನ್ನು ಮಂಚದ ಅಂಚಿನಲ್ಲಿ ಕೂರಿಸಿ ಬೆನ್ನು ಬಾಗಿಸುವುದನ್ನು ಕಲಿಸಿದಳು. ಅತ್ತೆಗೆ ಹೇಳಬೇಕಾದ ಅಗತ್ಯವೇ ಇಲ್ಲ, ಒಳಗೆ ಆಗಿದ್ದು ಒಳಗೇ ಇರುತ್ತದೆ, ನಾನೇ ನಿನ್ನ ಎದುರಿಗೆ ನಿಂತು ಹಿಡಿದುಕೊಳ್ಳುತ್ತೇನೆ ಎಂದು ಮಾತು ಕೊಟ್ಟಳು. ಮಗಳು ಅದನ್ನು ನಂಬಿಕೊಂಡು ಕೂತಳು.

ನೋವು ಬಂದಿದ್ದು ಒಂದು ಸೋಮವಾರ ಬೆಳಿಗ್ಗೆ. ದೊಡ್ಡಾಯಮ್ಮ ಯೂನಿಫಾರ್ಮಿನಲ್ಲೇ ಬಂದಿದ್ದಳು. ಮಗಳನ್ನು ಒಳಗೆ ಮಲಗಿಸಿ ಇನ್ನೇನು ಕೈ ತೊಳೆಯಬೇಕು, ಮೇಲ್ವಿಚಾರಕಿ ಬಂದು, "ಆಯಮ್ಮ, ನಿಮ್ಮನೆ ಕೇಸು ಇರೋ ದಿನ ನೀವು ಡ್ಯೂಟಿ ಮಾಡೋ ಹಾಗಿಲ್ಲ. ಹೊರಗೆ ಕೂತ್ಕೊಳ್ಳಿ" ಎಂದಳು. ಇಪ್ಪತ್ತನಾಲ್ಕು ವರ್ಷದಿಂದ ಗೋಡೆಗೆ ಅಂಟಿಸಿದ್ದ ನಿಯಮ ಅದು. ಬೇರೆಯವರನ್ನು ದೊಡ್ಡಾಯಮ್ಮನೇ ಎಷ್ಟೋ ಸಲ ಹೊರಗೆ ಕಳಿಸಿದ್ದಳು. ತನಗೂ ಅನ್ವಯಿಸುತ್ತದೆ ಎಂದು ಮಾತ್ರ ಯಾವತ್ತೂ ಹೊಳೆದಿರಲಿಲ್ಲ. ಬೆಂಚಿನ ಮೇಲೆ ಅಳಿಯ ಮತ್ತು ಬೀಗಿತ್ತಿಯ ಪಕ್ಕ, ಬೇರೆಯವರ ಹಾಗೆ ಕೂತಳು.

ಹತ್ತು ಗಂಟೆಗೆ ಹೊಸ ಸಿಸ್ಟರ್ ಒಬ್ಬಳು ಒಂದು ಹಾಳೆ ಹಿಡಿದು ಹೊರಗೆ ಬಂದಳು. ಆ ಹಾಳೆಯಲ್ಲಿ ಸಹಿಗೆ ಎರಡು ಗೆರೆ. ಮೇಲಿನದು ಹೆಂಗಸಿನದು, ಕೆಳಗಿನದು ಸಂಬಂಧಿಕರದು. ಕೆಳಗಿನ ಗೆರೆ ಖಾಲಿ ಬಿಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ, ಆದರೆ ಖಾಲಿ ಇದ್ದರೆ ಮೇಲ್ವಿಚಾರಕಿ ಹಾಳೆ ಮುಟ್ಟುತ್ತಿರಲಿಲ್ಲ. ಹಳೆಯ ಸಿಸ್ಟರಾಗಿದ್ದರೆ ದೊಡ್ಡಾಯಮ್ಮನನ್ನು ಕಣ್ಸನ್ನೆಯಲ್ಲಿ ಒಳಗೆ ಕರೆದು ಸಹಿ ಹಾಕಿಸಿಕೊಳ್ಳುತ್ತಿದ್ದಳು. ಇವಳು ಊರಿಗೆಲ್ಲ ಕೇಳುವಂತೆ ಹೇಳಿದಳು. "ಪೇಷಂಟ್ ಎಪಿಡ್ಯೂರಲ್ ಬೇಕು ಅಂತ ಸೈನ್ ಹಾಕಿದಾರೆ. ಮನೆಯವರು ಯಾರಾದ್ರೂ ಒಬ್ರು ಕೆಳಗೆ ಹಾಕಿ. ಡಾಕ್ಟರು ಈಗ ಫ್ರೀ ಇದಾರೆ."

ಅಳಿಯ ಪೆನ್ನು ತೆಗೆದುಕೊಂಡ. ಒಳ್ಳೆಯ ಹುಡುಗ, ತಾಯಿಯ ಮುಖ ನೋಡದೆ ಉಸಿರಾಡುವುದು ಮಾತ್ರ ಕಲಿತಿರಲಿಲ್ಲ.

"ಏನೋ ಅದು?" ಎಂದಳು ಬೀಗಿತ್ತಿ. "ಬೆನ್ನಿಗೆ ಹಾಕೋದಾ? ಅಯ್ಯೋ, ಬೇಡ್ವೇ ಬೇಡ. ಪಾಪ, ನೋವಲ್ಲಿ ಕೇಳ್ತಾಳೆ, ನಾವು ಬುದ್ಧಿ ಹೇಳ್ಬೇಕು. ನಿನ್ನ ಅಕ್ಕನಿಗೆ ಆವತ್ತು ಯಾರು ಬೇಡ ಅಂದಿದ್ದು? ಇಲ್ಲೇ ಕೂತಿದಾರಲ್ಲ! ಹೇಳಿ ಬೀಗರೇ, ನಿಮ್ಮ ಮಗಳಿಗೆ ನೀವೇ ಹೇಳಿ."

ಸಿಸ್ಟರ್ ಹಾಳೆಯನ್ನು ದೊಡ್ಡಾಯಮ್ಮನ ಕಡೆ ಚಾಚಿದಳು. "ನೀವೇ ತಾಯಿ ಅಲ್ವಾ ಆಯಮ್ಮ? ನೀವು ಹಾಕಿದ್ರೂ ಆಗುತ್ತೆ."

ಎರಡು ಅಕ್ಷರದ ಸಹಿ. ಹಾಕಬೇಕಾದರೆ ಬೀಗಿತ್ತಿಯ ಮುಖ ನೋಡಿ ಹೇಳಬೇಕು: ನಾನು ಆವತ್ತು ಹೇಳಿದ್ದು ಸುಳ್ಳು, ನಿಮ್ಮ ಮಗಳು ಸುಮ್ಮನೆ ನರಳಿದಳು. ಆ ಬೆಂಚಿನ ಮೇಲೆ, ಇನ್ನೊಂದು ಮನೆಯವರೂ ಕೂತು ಕೇಳುತ್ತಿರುವಾಗ. ಸಂಬಂಧ ಕುದುರಿದ್ದೇ ಯಾವ ಮಾತಿನ ಮೇಲೋ ಆ ಮಾತನ್ನು ನುಂಗಬೇಕು.

"ಇನ್ನೂ ಟೈಮಿದೆ" ಎಂದಳು. "ಸ್ವಲ್ಪ ನೋಡೋಣ."

"ನೋಡಿದ್ಯಾ?" ಎಂದಳು ಬೀಗಿತ್ತಿ ಮಗನಿಗೆ. ಸಿಸ್ಟರ್ ಹಾಳೆ ಮಡಚಿಕೊಂಡು ಒಳಗೆ ಹೋದಳು.

ಹನ್ನೊಂದೂವರೆಗೆ ಅದೇ ಸಿಸ್ಟರ್ ಬಂದು, ಅಮ್ಮನನ್ನು ಕರೆಯುತ್ತಿದ್ದಾರೆ ಎಂದಳು. ಒಳಗೆ ಮಗಳು ಮಂಚದ ಕಂಬಿ ಹಿಡಿದುಕೊಂಡಿದ್ದಳು, ತುಟಿ ಕಚ್ಚಿ ರಕ್ತ ಬಂದಿತ್ತು. ತಾಯಿಯನ್ನು ಕಂಡದ್ದೇ ಅವಳು ತಾನಾಗಿ ಎದ್ದು ಮಂಚದ ಅಂಚಿಗೆ ಸರಿದು, ಬೆನ್ನು ಬಾಗಿಸಿ ಕೂತಳು. ಕಲಿಸಿದ ಹಾಗೆಯೇ. ದೊಡ್ಡಾಯಮ್ಮನಿಗೆ ಅದನ್ನು ನೋಡಲಾಗಲಿಲ್ಲ.

"ಅಮ್ಮ, ಸೈನ್ ಹಾಕಿಲ್ವಂತೆ ನೀನು."

"ಹಾಕ್ತೀನಿ ಕಣೇ. ಹೊರಗೆ ಅತ್ತೆಗೆ ಒಂದ್ ಮಾತು ಹೇಳಿ ಬಂದ್ಬಿಡ್ತೀನಿ."

"ಅವ್ರಿಗೆ ಯಾಕೆ ಹೇಳ್ಬೇಕು? ಬೆನ್ನು ನಂದು."

"ಎರಡೇ ನಿಮಿಷ."

ಹೊರಗೆ ಬಂದಾಗ ಬೀಗಿತ್ತಿ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಾ, ಬೆಂಚಿನ ಆ ಕೊನೆಯಲ್ಲಿದ್ದ ಇನ್ನೊಂದು ಮನೆಯ ಅಜ್ಜಿಗೆ ಕಥೆ ಹೇಳುತ್ತಿದ್ದಳು. ಈ ಮಹಾತಾಯಿ ಇಲ್ಲದಿದ್ದರೆ ನನ್ನ ದೊಡ್ಡ ಮಗಳು ಇವತ್ತು ಕೋಲು ಊರುತ್ತಿದ್ದಳು ಎನ್ನುವಲ್ಲಿಗೆ ಕಥೆ ಬಂದು ತಲುಪಿತ್ತು. ಅಜ್ಜಿ ದೊಡ್ಡಾಯಮ್ಮನನ್ನು ನೋಡಿ ಕೈಮುಗಿದಳು. "ನಮ್ಮ ಮೊಮ್ಮಗಳಿಗೂ ಕೇಳ್ತಿದ್ರು ತಾಯಿ. ಬೇಡ ಅಂದ್ಬಿಟ್ಟೆ ಈಗ. ನೀವೇ ಹೇಳಿದ ಮೇಲೆ ಮುಗೀತು."

ಬಾಯಿ ತೆರೆಯಬೇಕಿದ್ದದ್ದು ಅಲ್ಲೇ. ದೊಡ್ಡಾಯಮ್ಮ ತೆರೆದಳು, ಬೀಗಿತ್ತಿ ಕೈಗಿಟ್ಟ ಚಹಾ ಕುಡಿಯಲು. ಬಿಸಿ ಚಹಾದ ಜೊತೆ ಮಾತೂ ಒಳಗೆ ಹೋಯಿತು. ಎರಡು ನಿಮಿಷ ಅರ್ಧ ಗಂಟೆಯಾಯಿತು. ಇನ್ನೇನು ಏಳುತ್ತೇನೆ, ಈ ಲೋಟ ಮುಗಿಯಲಿ. ಇನ್ನೇನು ಹೇಳುತ್ತೇನೆ, ಈ ಅಜ್ಜಿ ಅತ್ತ ಹೋಗಲಿ. ಮೊದಲ ಹೆರಿಗೆ, ಸಂಜೆಯವರೆಗೂ ಎಳೆಯುತ್ತದೆ, ಅವಸರವೇನು ಎಂದು ತನ್ನ ಇಪ್ಪತ್ತನಾಲ್ಕು ವರ್ಷದ ಅನುಭವವನ್ನೆಲ್ಲ ಗುಡ್ಡೆ ಹಾಕಿ ತನಗೇ ಸಮಾಧಾನ ಹೇಳಿಕೊಂಡಳು. ಬೇರೆಯವರ ಮಗಳಾಗಿದ್ದರೆ ಆ ಅನುಭವ ಸರಿಯಾಗಿಯೇ ಲೆಕ್ಕ ಹೇಳುತ್ತಿತ್ತೋ ಏನೋ.

ಹನ್ನೆರಡೂವರೆಗೆ ಒಳಗಿನಿಂದ ಒಂದು ಕೂಗು ಬಂತು. ಸಾವಿರ ಕೂಗು ಕೇಳಿ ಕಿವಿ ಜಡ್ಡುಗಟ್ಟಿದ ಹೆಂಗಸು ಅವಳು. ಆದರೂ ಆ ಕೂಗಿಗೆ ಅವಳ ಮೈ ತಾನಾಗಿ ಎದ್ದು ನಿಂತಿತು. ಲೋಟ ಬೆಂಚಿನ ಮೇಲೆ ಉರುಳಿತು. ಬೀಗಿತ್ತಿ "ಎಲ್ಲಿಗೆ?" ಎಂದರೆ, "ಡಾಕ್ಟರು ಕರೀತಿದಾರೆ" ಎಂದು ಇನ್ನೊಂದು ಸುಳ್ಳು ಎಸೆದು ಒಳಗೆ ನುಗ್ಗಿ, ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡು ಸಹಿ ಹಾಕಿದಳು. ಆಗಲೂ ಬೀಗಿತ್ತಿಗೆ ಹೇಳಲಿಲ್ಲ, ನೋಡಿ.

"ಡಾಕ್ಟರು ಎಲ್ಲಿ?"

"ಈಗ ತಾನೇ ಆಪರೇಷನ್ ಥಿಯೇಟರಿಗೆ ಹೋದ್ರು ಆಯಮ್ಮ. ಅರ್ಜೆಂಟ್ ಸಿಸೇರಿಯನ್. ಮುಗಿಸ್ಕೊಂಡೇ ಬರೋದು."

ಇಂಜೆಕ್ಷನ್ ಕೊಡುವವರು ಇಡೀ ಆಸ್ಪತ್ರೆಗೆ ಹಗಲಿನಲ್ಲಿ ಒಬ್ಬರೇ. ದೊಡ್ಡಾಯಮ್ಮ ಥಿಯೇಟರಿನ ಬಾಗಿಲವರೆಗೆ ಓಡಿದಳು, ಒಳಗೆ ಬಿಡಲಿಲ್ಲ. ವಾಪಸ್ಸು ಓಡಿದಳು. ನಿಯಮ ಗಿಯಮ ಎಂದು ಯಾರೋ ಏನೋ ಅಂದರು, ಅವಳು ಕಿವಿಗೆ ಹಾಕಿಕೊಳ್ಳದೆ ಮಗಳ ಪಕ್ಕ ನಿಂತು ಸೊಂಟ ತಿಕ್ಕತೊಡಗಿದಳು. ಮಗಳು ಆ ಕೈಯನ್ನು ತಳ್ಳಿದಳು. ಮತ್ತೆ ಇಟ್ಟರೆ ಮತ್ತೆ ತಳ್ಳಿದಳು. ನೋವು ಬಂದಾಗ ಕೂಗುವಳು, ನೋವು ಇಳಿದಾಗ ಗೋಡೆಯ ಕಡೆ ಮುಖ ತಿರುಗಿಸುವಳು.

ಅರಿವಳಿಕೆ ಡಾಕ್ಟರು ಹಸಿರು ಟೋಪಿಯಲ್ಲೇ ಬಂದಾಗ ಒಂದೂಮುಕ್ಕಾಲು. ಹೆರಿಗೆ ಡಾಕ್ಟರಮ್ಮ ಪರೀಕ್ಷೆ ಮಾಡಿ ತಲೆ ಅಲ್ಲಾಡಿಸಿದರು. "ಪೂರ್ತಿ ಆಗಿದೆ. ಮಗು ತಲೆ ಇಲ್ಲೇ ಇದೆ. ಈಗ ಕೂರಿಸೋಕಾಗಲ್ಲ, ಕೊಟ್ರೂ ಹಿಡಿಯೋಷ್ಟು ಹೊತ್ತಿಲ್ಲ." ಅರಿವಳಿಕೆ ಡಾಕ್ಟರು ಹಾಳೆ ನೋಡಿದರು, ಕೆಳಗಿನ ಸಹಿ ನೋಡಿದರು.

"ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಇಲ್ಲೇ ಪಕ್ಕದ ರೂಮಲ್ಲಿ ಪೇಪರ್ ಓದ್ತಾ ಕೂತಿದ್ದೆ ಆಯಮ್ಮ. ನಿಮ್ಮ ಮಗಳು ಅಂತ ಒಂದ್ ಮಾತು ಹೇಳಿದ್ರೆ ಎದ್ದು ಬರ್ತಿರ್ಲಿಲ್ವಾ?"

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಗು ಹುಟ್ಟಿದ್ದು ಎರಡು ಗಂಟೆ ದಾಟಿದ ಮೇಲೆ. ಹೆಣ್ಣು, ಮೂರು ಕೆಜಿಗೆ ಚೂರು ಕಮ್ಮಿ, ಹುಟ್ಟುತ್ತಲೇ ಜೋರು ಗಂಟಲು. ತಾಯಿಗೂ ಮಗುವಿಗೂ ಏನೂ ತೊಂದರೆಯಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಹೆರಿಗೆ ವಾರ್ಡಿನಲ್ಲಿ ತೊಂದರೆಯಿಲ್ಲ ಎನ್ನುವ ಮಾತಿಗೆ ಅರ್ಥ ಅಷ್ಟೇ: ಇಬ್ಬರೂ ಬದುಕಿದ್ದಾರೆ. ಹೊರಗೆ ಬೀಗಿತ್ತಿಯ ಸಂಭ್ರಮ ಹೇಳತೀರದು. ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳಿದ್ದೇ ಹೇಳಿದ್ದು. "ನಾರ್ಮಲ್ಲು! ಸೂಜಿ ಗೀಜಿ ಏನೂ ಇಲ್ಲ. ಯಾರ ಮಗಳು ಹೇಳಿ, ತಡ್ಕೊಂಡ್ಲು." ದೊಡ್ಡಾಯಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

ಮೂರನೆಯ ದಿನ ಮನೆಗೆ ಕಳಿಸಿದರು. ಮೊದಲ ಮೂರು ತಿಂಗಳು ಮಗಳು, ಮೊಮ್ಮಗಳು ದೊಡ್ಡಾಯಮ್ಮನ ಮನೆಯಲ್ಲಿ ಎಂದು ಮುಂಚೆಯೇ ಮಾತಾಗಿತ್ತು. ಒಂದೇ ಕೋಣೆಯ ಮನೆಯಲ್ಲಿ ತನ್ನ ಹಾಸಿಗೆಯನ್ನು ಅಡುಗೆಮನೆಗೆ ಸರಿಸಿ, ಗೋಡೆಗೆ ಸುಣ್ಣ ಹೊಡೆಸಿ, ಹಳೆಯ ಹತ್ತಿ ಸೀರೆಗಳನ್ನು ಕುದಿಸಿ ಒಣಗಿಸಿ ಮಗುವಿನ ಬಟ್ಟೆ ಮಾಡಿಟ್ಟಿದ್ದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಒಂದು ತಿಂಗಳ ರಜೆ ಬರೆದುಕೊಟ್ಟಿದ್ದಳು. ಅಳಿಯ ಕಾರು ತರಲು ಕೆಳಗೆ ಹೋಗಿದ್ದ, ಬೀಗಿತ್ತಿ ಔಷಧಿಯ ಚೀಟಿ ಹಿಡಿದು ಅಂಗಡಿಗೆ. ವಾರ್ಡಿನಲ್ಲಿ ಇಬ್ಬರೇ.

"ನಾನು ಅತ್ತೆ ಮನೆಗೆ ಹೋಗ್ತೀನಿ" ಎಂದಳು ಮಗಳು, ಮಗುವಿನ ಟೋಪಿಯ ದಾರ ಕಟ್ಟುತ್ತಾ. ಮೂರು ದಿನದಲ್ಲಿ ಅವಳು ತಾನಾಗಿ ಆಡಿದ ಮೊದಲ ಮಾತು.

"ಯಾಕೇ? ಎಲ್ಲ ಮಾಡಿಟ್ಟಿದೀನಲ್ಲೇ ಅಲ್ಲಿ."

ಮಗಳು ದಾರದ ಗಂಟು ಬಿಚ್ಚಿ ಮತ್ತೆ ಕಟ್ಟತೊಡಗಿದಳು.

"ಅವ್ರೇ ಅಲ್ವೇನೇ ಬೇಡ ಅಂದಿದ್ದು? ಅವ್ರೇ ತಡೆದಿದ್ದು. ನಾನು ಸೈನ್ ಹಾಕ್ಲಿಲ್ವಾ? ಅವ್ರ ಮೇಲೆ ಇಲ್ಲದ ಕೋಪ ನನ್ನ ಮೇಲೆ ಯಾಕೆ?"

ಮಗಳು ದಾರ ಕಟ್ಟಿ ಮುಗಿಸಿದಳು. ದನಿಯಲ್ಲಿ ಕೋಪವೇ ಇರಲಿಲ್ಲ, ಕೌಂಟರಿನಾಚೆಯವರಿಗೆ ಪಾರ್ಸಲ್ಲು ಯಾವತ್ತು ತಲುಪುತ್ತದೆ ಎಂದು ಹೇಳುವಷ್ಟೇ ಸಪ್ಪೆಯಾಗಿತ್ತು.

"ಅತ್ತೆಗೆ ಗೊತ್ತಿರ್ಲಿಲ್ಲ ಅಮ್ಮ. ನೀನು ಹೇಳಿದ್ದನ್ನ ನಂಬಿದ್ರು, ನನ್ನ ಒಳ್ಳೇದಕ್ಕೆ ಅಂತ ಬೇಡ ಅಂದ್ರು. ನಿಂಗೆ ಗೊತ್ತಿತ್ತು."

ದೊಡ್ಡಾಯಮ್ಮ ಚೀಲ ಎತ್ತಿಕೊಂಡು, ಗಾಲಿಕುರ್ಚಿ ತಳ್ಳಿಕೊಂಡು, ಇಳಿಜಾರಿನ ಹಾದಿಯಲ್ಲಿ ಕೆಳಗೆ ಬಂದಳು. ಎದುರಿಗೆ ಸಿಕ್ಕವರೆಲ್ಲ ಅಜ್ಜಿಯಾದ್ರಿ ಅಜ್ಜಿಯಾದ್ರಿ ಎಂದರು. ಮಗಳು, ಮಗು ಕಾರಿನ ಹಿಂದಿನ ಸೀಟಿನಲ್ಲಿ ಕೂತರು, ಬಾಗಿಲು ಹಾಕಿಕೊಂಡಿತು. ಸೊಸೆ ಬರುವುದು ತನ್ನ ಮನೆಗೇ ಎಂದು ತಿಳಿದು ಬೀಗಿತ್ತಿಗೆ ಆಶ್ಚರ್ಯ, ಒಳಗೊಳಗೆ ಹಿಗ್ಗು. ಆಕೆ ಮುಂದಿನ ಬಾಗಿಲಿಗೆ ಕೈಹಾಕಿದಾಗ ದೊಡ್ಡಾಯಮ್ಮ ಆ ಕೈ ಹಿಡಿದುಕೊಂಡಳು.

"ಬೀಗರೇ, ಒಂದ್ ಮಾತು. ಆವತ್ತು ನಿಮ್ಮ ದೊಡ್ಡ ಮಗಳಿಗೆ ನಾನು ಹೇಳಿದ್ದು ಸುಳ್ಳು. ಆ ಸೂಜಿಯಿಂದ ಸೊಂಟ ಹೋಗಲ್ಲ. ಯಾರಿಗೂ ಹೋಗಿಲ್ಲ. ನಂಗೆ ಕೆಲಸ ಜಾಸ್ತಿ ಆಗುತ್ತೆ ಅಂತ ಹಾಗಂದೆ."

ಬೀಗಿತ್ತಿ ಅವಳನ್ನು ದಿಟ್ಟಿಸಿ ನೋಡಿದಳು. ಆಮೇಲೆ ಮುಖ ಮೃದುವಾಯಿತು. ಹಿಡಿದ ಕೈಯ ಮೇಲೆ ತನ್ನ ಇನ್ನೊಂದು ಕೈಯಿಟ್ಟು ತಟ್ಟಿದಳು.

"ಮಗಳು ಜೊತೆಗೆ ಬರ್ಲಿಲ್ಲ ಅಂತ ಮನಸ್ಸಿಗೆ ಹಚ್ಕೊಂಡು ಏನೇನೋ ಆಡ್ತಿದೀರ. ಸುಮ್ನಿರಿ. ನಿಮ್ಮ ಬಾಯಲ್ಲಿ ಸುಳ್ಳು ಬರುತ್ತಾ? ಹೋದ ವಾರ ತಾನೇ ನನ್ನ ತಂಗಿ ಸೊಸೆಗೂ ಅದನ್ನೇ ಹೇಳಿ ನಿಲ್ಲಿಸಿದೀನಿ."

ಕಾರು ಹೊರಟಿತು. ಹಿಂದಿನ ಗಾಜು ಏರಿಸಿಯೇ ಇತ್ತು.